ವಿಜ್ಞಾನದ ಪರ ನಿಲ್ಲುವ ಒಂದು ಸ್ವಯಂಸೇವಕರ ಗುಂಪು: ಎಲ್ಲಿಂದ ಶುರು ಮಾಡೋದು?

ಕಾಜಾಣ:
ಎಲ್ಲರಿಗೂ ನಮಸ್ಕಾರ. ನಾವು ಐದಾರು ಗೆಳೆಯರು ಸೇರಿ ಒಂದು ಗುಂಪು ಶುರು ಮಾಡಬೇಕು ಅಂತಿದ್ದೇವೆ. ಸಂಶೋಧನೆಗೆ ಕೊಡುವ ಹಣ ಕಡಿಮೆಯಾದಾಗ, ನಡೆಯುತ್ತಿದ್ದ ಯೋಜನೆ ಅರ್ಧಕ್ಕೆ ನಿಂತಾಗ ವಿಜ್ಞಾನಿಗಳು ಮಾತ್ರ ತಲೆ ಕೆಡಿಸಿಕೊಳ್ಳುತ್ತಾರೆ. ಬೇರೆಯವರಿಗೆ ಅದು ಯಾರದ್ದೋ ಮನೆ ವಿಷಯ. ಜನರೇ ಮುಂದೆ ಬಂದು "ಇದು ನಮಗೂ ಬೇಕು, ನಿಲ್ಲಿಸಬೇಡಿ" ಅನ್ನುವ ಹಾಗಾಗಬೇಕು ಅನ್ನೋದು ನಮ್ಮ ಆಸೆ.

ಆದರೆ ಶುರುವಿನಲ್ಲೇ ಎಳೆದಾಟ. ಒಬ್ಬರು ಉಪನ್ಯಾಸ ಇಡೋಣ ಅಂತಾರೆ. ಇನ್ನೊಬ್ಬರು ವಾಟ್ಸಾಪ್‌ನಲ್ಲಿ ಹರಿದಾಡುವ ಸುಳ್ಳುಗಳನ್ನು ಒಂದೊಂದಾಗಿ ಬಯಲು ಮಾಡೋಣ ಅಂತಾರೆ. ನಮ್ಮಲ್ಲಿ ವಿಜ್ಞಾನ ಓದಿದವರು ಇಬ್ಬರೇ, ಉಳಿದವರು ಲೆಕ್ಕಪತ್ರ, ಚಿತ್ರಕಲೆ, ಪಾಠ ಹೀಗೆ ಬೇರೆ ಬೇರೆ ಕೆಲಸದವರು. ಇಂಥ ಗುಂಪಿನ ಮಾತನ್ನು ಯಾರಾದರೂ ಕೇಳ್ತಾರಾ?

ಅಳತೆಗೋಲು:
ಒಳ್ಳೆ ಯೋಚನೆ, ಬಿಡಬೇಡಿ. ಆದರೆ "ವಿಜ್ಞಾನಕ್ಕೆ ಬೆಂಬಲ" ಅನ್ನೋದು ತುಂಬಾ ದೊಡ್ಡ ಮಾತು. ಅದನ್ನು ಕೇಳಿದವರು ತಲೆಯಾಡಿಸಿ ಮುಂದೆ ಹೋಗುತ್ತಾರೆ, ಯಾಕೆಂದರೆ ನಾನೀಗ ಏನು ಮಾಡಬೇಕು ಅನ್ನೋದು ಅದರಲ್ಲಿ ಇಲ್ಲ. ಯಾವುದಾದರೂ ಒಂದೇ ವಿಷಯ ಹಿಡಿಯಿರಿ.

ಬಾಹ್ಯಾಕಾಶದಲ್ಲಿ ಭೂಮಿಯನ್ನು ಸುತ್ತುತ್ತಿರುವ ಹಬಲ್ ದೂರದರ್ಶಕದ ಕತೆ ನೋಡಿ. ಗಗನಯಾತ್ರಿಗಳು ಸತ್ತ ಕೊಲಂಬಿಯಾ ಬಾಹ್ಯಾಕಾಶ ನೌಕೆ ದುರಂತ ಆಗಿದ್ದು 2003ರಲ್ಲಿ. ಅದಾದ ಮೇಲೆ, 2004ರ ಜನವರಿಯಲ್ಲಿ, ಗಗನಯಾತ್ರಿಗಳ ಸುರಕ್ಷತೆಯ ಕಾರಣ ಕೊಟ್ಟು ನಾಸಾ ಹಬಲ್‌ನ ಕೊನೆಯ ದುರಸ್ತಿ ಯಾನವನ್ನು ರದ್ದು ಮಾಡಿತು. ದುರಸ್ತಿ ಇಲ್ಲ ಅಂದರೆ ಕೆಲವೇ ವರ್ಷದಲ್ಲಿ ಅದರ ಕತೆ ಮುಗಿದ ಹಾಗೆ. ಆಗ ವಿಜ್ಞಾನಿಗಳ ಜೊತೆ ಸಾಮಾನ್ಯ ಜನರೂ ದನಿ ಎತ್ತಿದರು, ಶಾಲೆ ಮಕ್ಕಳೂ ಸೇರಿಕೊಂಡರು. 2006ರಲ್ಲಿ ತೀರ್ಮಾನ ಬದಲಾಯಿತು, 2009ರ ಮೇ ತಿಂಗಳಲ್ಲಿ ದುರಸ್ತಿಯೂ ಆಯಿತು. ಜನರ ಒತ್ತಾಯ ಒಂದೇ ಕಾರಣ ಅಂತ ನಾನು ಹೇಳಲ್ಲ, ತಜ್ಞರ ಸಮಿತಿ ಕೊಟ್ಟ ವರದಿಯೂ ಇತ್ತು. ಆದರೆ ಜನ ಸುಮ್ನೆ ಇದ್ದಿದ್ದರೆ ಆ ಫೈಲನ್ನು ಮತ್ತೆ ತೆರೆಯುವುದು ಅಷ್ಟು ಸುಲಭ ಇರುತ್ತಿರಲಿಲ್ಲ.

ಯಾಕೆ ಅಷ್ಟು ಪ್ರೀತಿ ಅಂತ ಕೇಳಿದರೆ, ಅದಕ್ಕೂ ಮೊದಲು ಹತ್ತು ವರ್ಷದಿಂದ ಹಬಲ್ ತೆಗೆದ ಚಿತ್ರಗಳು ಎಲ್ಲರಿಗೂ ಪುಕ್ಕಟೆಯಾಗಿ ಸಿಗುತ್ತಿದ್ದವು. ಪುಸ್ತಕದಲ್ಲಿ, ಗೋಡೆ ಮೇಲೆ, ಕಂಪ್ಯೂಟರ್ ಪರದೆ ಮೇಲೆ, ಎಲ್ಲ ಕಡೆ ಅವೇ. ಕಷ್ಟ ಬರುವ ಮೊದಲೇ ಜನರಿಗೆ ಅದರ ಪರಿಚಯ ಆಗಿತ್ತು. ನಿಮ್ಮ ಗುಂಪಿನ ಮೊದಲ ಒಂದೆರಡು ವರ್ಷ ಬರೀ ಈ ಪರಿಚಯ ಮಾಡಿಸುವುದಕ್ಕೇ ಹೋದರೂ ನಷ್ಟ ಇಲ್ಲ.

ಸಂಜೆಬೆಳಕು:
ವಿಜ್ಞಾನ ಓದಿದವರು ಇಬ್ಬರೇ ಅನ್ನುವುದು ಕೊರತೆ ಅಂತ ನನಗೆ ಅನಿಸಲ್ಲ. ವಿಜ್ಞಾನಿ ಬಂದು ವಿಜ್ಞಾನ ಬೇಕು ಅಂದರೆ, ಅದು ಅವರ ಕೆಲಸ, ಅವರು ಹೇಳಲೇಬೇಕು ಅಂತ ಜನ ಅಂದುಕೊಳ್ಳುತ್ತಾರೆ. ಲೆಕ್ಕಪತ್ರ ನೋಡುವವರೊಬ್ಬರು ತಮ್ಮ ಭಾನುವಾರ ಬಿಟ್ಟು ಬಂದು ಅದೇ ಮಾತು ಹೇಳಿದರೆ ಕೇಳುವವರ ಕಿವಿ ನೆಟ್ಟಗಾಗುತ್ತದೆ.

ಪೋಲಿಯೊ ಲಸಿಕೆ ಬಂದಿದ್ದೂ ಇಂಥವರಿಂದಲೇ. ಅಮೆರಿಕದಲ್ಲಿ 1938ರಲ್ಲಿ ಪೋಲಿಯೊಗಾಗಿಯೇ ಒಂದು ಪ್ರತಿಷ್ಠಾನ ಶುರುವಾಯಿತು. ಹತ್ತು ಸೆಂಟಿನ ಒಂದು ನಾಣ್ಯ ಕಳಿಸಿ ಅಂತ ಕೇಳಿದರು. ಶ್ವೇತಭವನಕ್ಕೆ ಲಕ್ಷಗಟ್ಟಲೆ ನಾಣ್ಯ ಬಂದು ಬಿದ್ದವು! ಮುಂದೆ ತಾಯಂದಿರು ಮನೆಮನೆಗೆ ಹೋಗಿ ಹಣ ಕೂಡಿಸಿದರು. ಈ ಲಸಿಕೆ ತಯಾರಿಸಿದ ಜೋನಸ್ ಸಾಲ್ಕ್ ಅವರ ಸಂಶೋಧನೆಗೆ ದುಡ್ಡು ಹೋಗಿದ್ದು ಆ ನಿಧಿಯಿಂದ. 1954ರಲ್ಲಿ ಸುಮಾರು 18 ಲಕ್ಷ ಮಕ್ಕಳು ಲಸಿಕೆಯ ಪ್ರಯೋಗದಲ್ಲಿ ಭಾಗವಹಿಸಿದರು. ಅಷ್ಟು ಮಕ್ಕಳ ಅಪ್ಪ ಅಮ್ಮ ಒಪ್ಪಿದ್ದು ಸಣ್ಣ ಮಾತಲ್ಲ, ಅಲ್ವಾ? ನಾಣ್ಯ ಹಾಕಿದವರಿಗೆ ಅದು ತಮ್ಮದೇ ಲಸಿಕೆ. 1955ರ ಏಪ್ರಿಲ್‌ನಲ್ಲಿ ಅದು ಕೆಲಸ ಮಾಡುತ್ತದೆ ಅಂತ ಫಲಿತಾಂಶ ಬಂತು.

ಹಾಗಾಗಿ ಉಪನ್ಯಾಸಕ್ಕಿಂತ ಜನರ ಕೈಗೆ ಏನಾದರೂ ಕೆಲಸ ಕೊಡಿ. 2007ರಲ್ಲಿ ಶುರುವಾದ ಗ್ಯಾಲಕ್ಸಿ ಝೂ ಅನ್ನುವ ಇಂಟರ್ನೆಟ್ ಯೋಜನೆ ನೋಡಿ: ಗ್ಯಾಲಕ್ಸಿಯ, ಅಂದರೆ ನಕ್ಷತ್ರಗಳ ದೊಡ್ಡ ಗುಂಪಿನ, ಚಿತ್ರ ನೋಡಿ ಸುರುಳಿಯಾಗಿದೆಯಾ, ದುಂಡಗಿದೆಯಾ ಅಂತ ಹೇಳಬೇಕು, ಅಷ್ಟೇ. ಅದರಲ್ಲಿ ಕೂತು ಚಿತ್ರ ನೋಡುತ್ತಿದ್ದ ಹ್ಯಾನಿ ವಾನ್ ಆರ್ಕೆಲ್ ಎಂಬ ಡಚ್ ಶಾಲಾ ಶಿಕ್ಷಕಿಗೆ ಒಂದು ಕಡೆ ವಿಚಿತ್ರವಾದ ಹೊಳಪು ಕಂಡಿತು, ಇದೇನು ಅಂತ ಕೇಳಿದರು. ಖಗೋಳ ವಿಜ್ಞಾನಿಗಳಿಗೂ ಅದು ಹೊಸದು. ಇವತ್ತಿಗೂ ಅದು ಅವರ ಹೆಸರಿನಲ್ಲೇ ಇದೆ. ಹಕ್ಕಿ ಎಣಿಸುವುದು, ಮಳೆ ಅಳೆಯುವುದು, ಹಳೆ ಹವಾಮಾನ ದಾಖಲೆ ಟೈಪ್ ಮಾಡುವುದು, ಇಂಥ ಕೆಲಸ ಬೇಕಾದಷ್ಟಿವೆ. ತಾನೇ ಅಳೆದ ಅಂಕಿ ಒಂದು ನಕ್ಷೆಯಲ್ಲಿ ಚುಕ್ಕೆಯಾಗಿದ್ದನ್ನು ನೋಡಿದವರಿಗೆ ಮತ್ತೆ ಭಾಷಣ ಬೇಕಾಗಲ್ಲ.

ದಾರಿಹೋಕ:
ಸುಳ್ಳು ಬಯಲು ಮಾಡುವುದನ್ನೇ ಮುಖ್ಯ ಕೆಲಸ ಮಾಡಿಕೊಳ್ಳಬೇಡಿ ಅಂತ ನನ್ನ ಸಲಹೆ. ಅದು ಬೇಕು, ಆದರೆ ಯಾವಾಗಲೂ ಅದೇ ಆದರೆ "ಇವರು ತಪ್ಪು ಹುಡುಕುವವರು" ಅಂತ ಹೆಸರು ಬರುತ್ತದೆ, ಯಾರನ್ನು ಒಲಿಸಬೇಕೋ ಅವರೇ ದೂರ ಆಗುತ್ತಾರೆ.

ಇನ್ನೊಂದು, "ವಿಜ್ಞಾನ ಹೇಳಿದೆ, ನಂಬಿ" ಅಂತ ಹೇಳಬೇಡಿ. ಹೊಟ್ಟೆಯ ಹುಣ್ಣಿಗೆ ಒತ್ತಡ, ಆಮ್ಲ ಕಾರಣ ಅಂತ ವೈದ್ಯರೇ ಬಹಳ ಕಾಲ ನಂಬಿದ್ದರು. ಬ್ಯಾಕ್ಟೀರಿಯಾ ಕಾರಣ ಅಂತ ತೋರಿಸಲು ಬ್ಯಾರಿ ಮಾರ್ಷಲ್ ಎಂಬ ಆಸ್ಟ್ರೇಲಿಯಾದ ವೈದ್ಯರು 1984ರಲ್ಲಿ ತಾವೇ ಆ ಬ್ಯಾಕ್ಟೀರಿಯಾ ಕುಡಿದರು. 2005ರಲ್ಲಿ ನೊಬೆಲ್ ಬಂತು. ತೀರ್ಮಾನ ಯಾಕೆ ಬದಲಾಯಿತು, ಯಾವ ಸಾಕ್ಷಿ ನೋಡಿ ಬದಲಾಯಿತು ಅನ್ನುವುದನ್ನು ಮೊದಲೇ ಹೇಳಿದರೆ, ನಾಳೆ ಇನ್ನೊಂದು ವಿಷಯ ಬದಲಾದಾಗ ಜನ ಮೋಸ ಹೋದೆವು ಅಂದುಕೊಳ್ಳಲ್ಲ.

ಕಾಜಾಣ:
ಎಲ್ಲರಿಗೂ ಧನ್ಯವಾದ. ಪೋಲಿಯೊ ನಾಣ್ಯದ ವಿಷಯ ಗೆಳೆಯರಿಗೆ ಓದಿ ಹೇಳಿದೆ, ಎಳೆದಾಟ ಅಲ್ಲಿಗೇ ನಿಂತಿತು. ಮಳೆ ಅಳೆಯುವುದರಿಂದ ಶುರು ಮಾಡೋಣ ಅಂತ ಒಪ್ಪಿದ್ದಾರೆ. ಒಂದೇ ಅನುಮಾನ. ಯಾವುದಾದರೂ ರಾಜಕೀಯ ಪಕ್ಷದವರು ಸಹಾಯ ಮಾಡ್ತೀವಿ ಅಂತ ಬಂದರೆ?

ಅಳತೆಗೋಲು:
ಹಣ ತಗೋಬೇಡಿ, ಮಾತು ಆಡಿ. ಸಂಶೋಧನೆಗೆ ಹಣ ಕೊಡಿ ಅಂತ ಎಲ್ಲ ಪಕ್ಷದವರನ್ನೂ ಕೇಳಬಹುದು, ಕೇಳಲೇಬೇಕು, ಆದರೆ ಯಾರ ಬಾವುಟದ ಕೆಳಗೂ ನಿಲ್ಲಬೇಡಿ. ಇದನ್ನು ಮೊದಲ ಸಭೆಯಲ್ಲೇ ಬರೆದಿಡಿ, ಜೊತೆಗೆ ಲೆಕ್ಕವನ್ನು ಯಾರು ಬೇಕಾದರೂ ನೋಡುವ ಹಾಗೆ ಇಡಿ. ಮಳೆಮಾಪಕವನ್ನು ಮರ, ಗೋಡೆಯಿಂದ ದೂರ, ಬಯಲಲ್ಲಿ ಇಟ್ಟು ದಿನಾ ಒಂದೇ ಹೊತ್ತಿಗೆ ಓದಿ. ಮಳೆ ಬರದ ದಿನ ಸೊನ್ನೆ ಅಂತ ಬರೆಯುವುದನ್ನು ಎಲ್ಲರಿಗೂ ಹೇಳಿಕೊಡಿ, ಜಾಸ್ತಿ ಜನ ಬಿಟ್ಟುಬಿಡುವುದು ಅದನ್ನೇ.