ಪದಚರ್ಚೆ: ‘ತಲೆಕೆಳಗಾದ ಮಗು’ ಎಂದರೆ ಯಾವ ಮಗು?

ಬಸುರಿಯರಿಗಾಗಿ ಒಂದು ಮಾಹಿತಿ ಹಾಳೆಯನ್ನು ಕನ್ನಡಕ್ಕೆ ತರಲು ಕುಳಿತು ಮೊದಲ ಸಾಲಿನಲ್ಲೇ ಎಡವಿದ್ದೇನೆ. ಹೊಟ್ಟೆಯಲ್ಲಿ ತಲೆ ಮೇಲಾಗಿ, ಕುಂಡಿಯೋ ಕಾಲೋ ಕೆಳಗಾಗಿರುವ ಮಗುವನ್ನು ‘ತಲೆಕೆಳಗಾದ ಮಗು’ ಎನ್ನುವವರಿದ್ದಾರೆ. ಆದರೆ ಹೆರಿಗೆಯ ಹೊತ್ತಿಗೆ ತಲೆ ಕೆಳಗಿರುವ ಮಗುವೇ ಸರಿಯಾಗಿರುವ ಮಗುವಲ್ಲವೇ? ನುಡಿಗಟ್ಟು ನಿಂತವರ ಲೆಕ್ಕದ್ದು, ಗರ್ಭದೊಳಗಿನ ಲೆಕ್ಕ ಬೇರೆ.

ಇಂಥ ಮಗುವಿನ ಹೆಸರಿಗೆ ‘ಪೃಷ್ಠ’ ಪದ ಹಿಡಿಯೋಣವೆಂದರೆ, ಅದು ಸಂಸ್ಕೃತದಲ್ಲಿ ಬೆನ್ನು, ನಮ್ಮಲ್ಲಿ ಕುಂಡಿ. ಓದುವವರು ಎರಡರಲ್ಲಿ ಯಾವುದನ್ನು ಹಿಡಿಯಬೇಕು? ‘ಕಾಲು ಮುಂದಾದ ಮಗು’ ಚೆನ್ನಾಗಿಯೇ ಇದೆ. ಆದರೆ ಕಾಲುಗಳನ್ನು ಮುಖದತ್ತ ಚಾಚಿ ಕುಂಡಿಯೂರಿ ಕುಳಿತ ಮಗುವೇ ಹೆಚ್ಚು, ಅದು ಈ ಮಾತಿಗೆ ಸಿಗುವುದಿಲ್ಲ. ಸದ್ಯಕ್ಕೆ ‘ತಲೆ ಮೇಲಾದ ಮಗು’ ಎಂದು ಬರೆದುಕೊಂಡಿದ್ದೇನೆ.

ಇನ್ನು, ಇಂಥ ಮಗುವಿನ ತಲೆಯನ್ನು ಹೆರಿಗೆಗೆ ಮುನ್ನ ಕೆಳಕ್ಕೆ ತರುವುದಕ್ಕೊಂದು ಕ್ರಿಯಾಪದ. ವೈದ್ಯರು ಹೊಟ್ಟೆಯ ಮೇಲೆ ಎರಡೂ ಅಂಗೈ ಇಟ್ಟು, ಒಂದರಿಂದ ಮಗುವಿನ ಕುಂಡಿಯನ್ನು ಮೇಲೆತ್ತಿ, ಇನ್ನೊಂದರಿಂದ ತಲೆಯನ್ನು ಕೆಳಕ್ಕೆ ಒತ್ತುತ್ತಾರೆ. ಸುಮಾರು ಅರ್ಧದಷ್ಟು ಸಲ ಮಗು ತಿರುಗುತ್ತದೆ. ‘ಹೊರಳಿಸು’ ಎಂದರೆ ಮಗ್ಗುಲು ಬದಲಿಸಿದಂತೆ. ‘ಮಗುಚು’ ಎಂದೊಡನೆ ದೋಣಿ ಮುಳುಗುತ್ತದೆ. ನಡೆಯುವುದನ್ನು ನೋಡಿದರೆ ‘ಲಾಗ ಹಾಕಿಸು’ ಎಂಬುದೇ ನಿಖರ, ಆದರೆ ಆಸ್ಪತ್ರೆಯ ಹಾಳೆಯಲ್ಲಿ ಅದನ್ನು ಅಚ್ಚುಹಾಕುವ ಧೈರ್ಯ ನನಗಿಲ್ಲ. ‘ಹೊರಗಿನಿಂದ ತಿರುಗಿಸುವುದು’ ಸಪ್ಪೆ, ಆದರೂ ಅಪಾರ್ಥವಿಲ್ಲ.

ನಿಜವಾದ ಗೋಜಲು ‘ಬೇಗ’ದಲ್ಲಿದೆ. ಈ ತಿರುಗಿಸುವಿಕೆ ಸಾಮಾನ್ಯವಾಗಿ 36–37 ವಾರ ಕಳೆದ ಮೇಲೆ. ಮಗು ಚಿಕ್ಕದಿರುವಾಗ, 34–35ನೇ ವಾರದಲ್ಲಿಯೇ ತಿರುಗಿಸಿದರೆ ಹೇಗೆ ಎಂದು ಹಲವು ದೇಶಗಳಲ್ಲಿ ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆರಿಗೆಯ ಹೊತ್ತಿಗೆ ತಲೆ ಕೆಳಗಾಗಿ ಸರಿಯಾಗಿದ್ದ ಮಕ್ಕಳು ಹೆಚ್ಚಿದರು, ಸಿಸೇರಿಯನ್ ಮಾತ್ರ ಗಮನಾರ್ಹವಾಗಿ ಇಳಿಯಲಿಲ್ಲ. ದಿನ ತುಂಬುವ ಮುನ್ನ ಹೆತ್ತವರು ತಡವಾಗಿ ತಿರುಗಿಸಿದ ಗುಂಪಿನಲ್ಲಿ ನೂರಕ್ಕೆ 4.4, ಬೇಗ ತಿರುಗಿಸಿದ ಗುಂಪಿನಲ್ಲಿ 6.5. ವ್ಯತ್ಯಾಸ ಆಕಸ್ಮಿಕವೂ ಇದ್ದೀತು, ಹಾಗೆಂದು ತಳ್ಳಿಹಾಕುವಂತೆಯೂ ಇಲ್ಲ. ಇದನ್ನು ‘ಬೇಗ ತಿರುಗಿಸಿದರೆ ಬೇಗ ಹೆರಿಗೆಯ ಅಪಾಯ’ ಎಂದು ಬರೆದೆ. ಓದಿದವರೊಬ್ಬರು, ‘ಬೇಗ ಹೆರಿಗೆಯಾದರೆ ಒಳ್ಳೆಯದೇ ತಾನೇ, ನೋವು ಕಡಿಮೆ’ ಎಂದರು! ‘ಬೇಗ’ಕ್ಕಿಂತ, ‘ಅವಧಿಪೂರ್ವ’ಕ್ಕಿಂತಲೂ, ‘ದಿನ ತುಂಬುವ ಮುನ್ನ’ ಎಂಬುದೇ ಲೇಸೆಂದು ಆಗ ಖಚಿತವಾಯಿತು.

ಉಳಿದದ್ದು ‘ಅಪಾಯ’. ನೂರರಲ್ಲಿ ಎರಡರಷ್ಟು ಹೆಚ್ಚಳಕ್ಕೆ ಆ ಪದ ಭಾರವಾಯಿತು, ‘ಸಾಧ್ಯತೆ’ ತೀರ ಹಗುರ. ನಡುವಿನ ಪದವೊಂದು ನಿಮ್ಮ ಮನೆಮಾತಿನಲ್ಲಿ ಇದೆಯೇ?