ಜೆರ್ರಿ ರೈಸ್ ಅಷ್ಟು ದೊಡ್ಡ ಆಟಗಾರ ಯಾಕೆ?

ಹೊಸನೋಡುಗ:
ಈಚೆಗೆ ಅಮೆರಿಕನ್ ಫುಟ್‌ಬಾಲ್ ನೋಡೋಕೆ ಶುರು ಮಾಡಿದ್ದೇನೆ. ವೈಡ್ ರಿಸೀವರ್ (ಮುಂದೆ ಓಡಿ, ಎಸೆದ ಚೆಂಡು ಹಿಡಿಯೋ ಆಟಗಾರ) ಅಂದ ಕೂಡಲೇ ಎಲ್ಲರೂ ಜೆರ್ರಿ ರೈಸ್ ಅಂತಾರೆ. ಅವನು ಅಂಥಾ ವೇಗದ ಓಟಗಾರ ಏನಲ್ಲವಂತೆ, ಮತ್ತೆ ಏನು ವಿಶೇಷ?

ಮೂಲೆಸೀಟು:
ಮಿಸಿಸಿಪ್ಪಿಯ ಕ್ರಾಫರ್ಡ್ ಅನ್ನೋ ಪುಟ್ಟ ಊರಿನವನು. ಅಪ್ಪ ಗಾರೆ ಕೆಲಸದವರು. ರಜೆಯಲ್ಲಿ ಇವನೂ ಕೆಲಸಕ್ಕೆ ಹೋಗಿ, ಸಾರವೆ ಮೇಲೆ ನಿಂತು, ಅಣ್ಣತಮ್ಮಂದಿರು ಕೆಳಗಿನಿಂದ ಎಸೆದ ಇಟ್ಟಿಗೆ ಹಿಡಿಯುತ್ತಿದ್ದ. 1985ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫಾರ್ಟಿನೈನರ್ಸ್ ತಂಡ ಇವನನ್ನ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನ ಆರಿಸೋದು) 16ನೇ ಆಯ್ಕೆಯಾಗಿ ತಗೊಂಡಿತು. ಮೊದಲ ವರ್ಷ ಚೆಂಡು ಕೈಬಿಟ್ಟು ತವರಿನ ಜನರಿಂದಲೇ ಬೈಸಿಕೊಂಡ. ಮರುವರ್ಷ ಪಾಸ್ ಹಿಡಿದು ತಂಡವನ್ನ ಮುಂದೆ ಒಯ್ದ ದೂರ ಒಟ್ಟು 1,570 ಯಾರ್ಡ್ (ಗಜ)!

ಹಳೇಅಭಿಮಾನಿ:
ಬರೀ ವೇಗ ನೋಡಬೇಡಿ, ಅವನು ತಿರುಗೋದನ್ನ ನೋಡಿ. ಯಾವ ಕಡೆ ತಿರುಗಬೇಕಿದ್ದರೂ ಮೊದಲ ಹೆಜ್ಜೆಗಳು ಒಂದೇ ಥರ, ಹಾಗಾಗಿ ಅವನನ್ನ ತಡೆಯೋಕೆ ನಿಂತ ಎದುರಾಳಿಗೆ ಸುಳಿವೇ ಸಿಗೋದಿಲ್ಲ, ಅಷ್ಟರಲ್ಲಿ ಇವನು ಎರಡು ಗಜ ದೂರ. ಪ್ರಾಕ್ಟೀಸ್‌ನಲ್ಲಿ ಸಣ್ಣ ಪಾಸ್ ಹಿಡಿದರೂ ಸುಮ್ನೆ ನಿಲ್ಲದೆ ಮೈದಾನದ ಕೊನೆಯ ಗೋಲು ಗೆರೆ ದಾಟೋವರೆಗೂ ಓಡುತ್ತಿದ್ದ. ಸೀಸನ್ ಇಲ್ಲದಾಗ ಎರಡೂವರೆ ಮೈಲಿ ಗುಡ್ಡ ಹತ್ತಿ ಓಡೋದು ಬೇರೆ.

ತರಲೆ:
ಜೋ ಮೊಂಟಾನಾ, ಸ್ಟೀವ್ ಯಂಗ್ ಥರದ ಕ್ವಾರ್ಟರ್‌ಬ್ಯಾಕ್‌ಗಳು (ತಂಡದಲ್ಲಿ ಚೆಂಡು ಎಸೆಯೋರು) ಎಸೆದರೆ ಯಾರು ಬೇಕಾದರೂ ಹಿಡೀತಾರೆ ಬಿಡಿ.

ಹಳೇಅಭಿಮಾನಿ:
ಹಾಗಾದರೆ 2002 ನೋಡಿ ಸ್ವಾಮಿ. ಅವರಿಬ್ಬರೂ ಇಲ್ಲ, ತಂಡ ಓಕ್ಲೆಂಡ್, ವಯಸ್ಸು 40, ಆಗಲೂ 1,200ಕ್ಕಿಂತ ಜಾಸ್ತಿ ಯಾರ್ಡ್. ಇಡೀ ವೃತ್ತಿಜೀವನದಲ್ಲಿ ಒಟ್ಟು 22,895 ಯಾರ್ಡ್. ಎರಡನೇ ಸ್ಥಾನದ ಲ್ಯಾರಿ ಫಿಟ್ಜೆರಾಲ್ಡ್ 5,000 ಯಾರ್ಡ್‌ಗೂ ಹಿಂದೆ. ಈಗ ಹೇಳಿ.