ಸಹಾಯ ಬೇಕು: ಮಳೆಗಾಲದಲ್ಲಿ ಲೈಬ್ರರಿ ಪುಸ್ತಕಗಳಿಗೆ ಬೂಷ್ಟು

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತಿದ್ದೇನೆ. ಆಗುಂಬೆ ಹತ್ತಿರ ಅಂದಮೇಲೆ ಮಳೆ ಬಗ್ಗೆ ಜಾಸ್ತಿ ಹೇಳಬೇಕಿಲ್ಲ ಅಲ್ವಾ?

ತಪ್ಪು ನನ್ನದೇ. ಬೀರುವನ್ನು ಗೋಡೆಗೆ ಅಂಟಿಸಿ ಇಟ್ಟಿದ್ದೆ. ಗೋಡೆ ಬೆವರಿ, ಹಿಂದಿನ ಸಾಲಿನ ಸುಮಾರು 40 ಪುಸ್ತಕಗಳಿಗೆ ಬೂಷ್ಟು ಹಿಡಿದಿದೆ. ಬೀರುವನ್ನು ಒಂದು ಗೇಣು ಮುಂದೆ ಎಳೆದೆ. ಮಾಸ್ಕ್ ಹಾಕಿಕೊಂಡು ಮೆತ್ತನೆ ಬ್ರಷ್‌ನಲ್ಲಿ ಒರೆಸಿ, ಹಾಳೆ ಬಿಡಿಸಿ ಫ್ಯಾನ್ ಕೆಳಗೆ ಇಟ್ಟೆ. ಕರೆಂಟ್ ಇದ್ದರೆ ತಾನೆ ಫ್ಯಾನ್! ನುಸಿ ಗುಳಿಗೆ ಹುಳ ದೂರ ಇಡುತ್ತದೆ, ತೇವ ತೆಗೆಯುವುದಿಲ್ಲ. ತೇವ ಇರುವ ತನಕ ಬೂಷ್ಟು ಮತ್ತೆ ಬರುತ್ತದೆ. ಪೇಪರ್ ಓದಲು ಬರುವ ಅಜ್ಜರೊಬ್ಬರು, "ಅಡಿಕೆ ಒಣಗಿಸೋ ಹಾಗೆ ಬಚ್ಚಲೊಲೆ ಮೇಲೆ ಇಡಿ ಮಾರಾಯ್ರೆ" ಎಂದು ನಕ್ಕರು. ಹೊಗೆ ಹಿಡಿದರೆ ಆಮೇಲೆ ಯಾರು ಓದುತ್ತಾರೆ?

ತೇವ ಹೀರುವ ಸಿಲಿಕಾ ಜೆಲ್ ಹರಳು ಬಳಸಿದವರು ಇದ್ದೀರಾ? ಒಂದು ಬೀರುವಿಗೆ ಎಷ್ಟು ಬೇಕು, ಬಿಸಿ ಮಾಡಿ ಮತ್ತೆ ಎಷ್ಟು ಸಲ ಬಳಸಬಹುದು? ಬಜೆ ಬೇರು, ಬೇವಿನ ಎಲೆ ಇಟ್ಟು ನೋಡಿದವರೂ ಹೇಳಿ. ಸುಮ್ನೆ ಕೇಳಿದ್ದಲ್ಲ, ನೀವೇ ಮಾಡಿ ನೋಡಿದ್ದು ಬೇಕು.

ಇನ್ನೊಂದು. ಆಗಸ್ಟ್ 12 ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್‌.ಆರ್‌. ರಂಗನಾಥನ್ ಹುಟ್ಟಿದ ದಿನ, ಗ್ರಂಥಪಾಲಕರ ದಿನ. ಭಾಷಣ ಬೇಡ. ಮಳೆಯಲ್ಲಿ ನೆನೆದು ಬರುವ ಹತ್ತು ಹದಿನೈದು ಮಕ್ಕಳಿಗೆ ಒಂದೇ ಕೋಣೆಯಲ್ಲಿ ಏನು ಮಾಡಿಸಬಹುದು? ಖರ್ಚು ಇಲ್ಲದ್ದು ಇದ್ದರೆ ಮೊದಲು ಅದನ್ನೇ ಹೇಳಿ.